ನಂಬರ್ ಮಾಸ್ತರರ ಅಂಗಡಿಯ ಗೋಡೆ

ಹಳೆಯ ಪೇಟೆಯ ಕನ್ನಡಕದಂಗಡಿಯವರನ್ನು ಊರಿನವರು ನಂಬರ್ ಮಾಸ್ತರು ಎಂದು ಕರೆಯುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಎದುರಿಗೆ ಬಂದವರು ಚೀಟಿಯನ್ನು ಎಷ್ಟು ದೂರ ಹಿಡಿದು ಓದುತ್ತಾರೆ, ಎಷ್ಟು ಹುಬ್ಬು ಗಂಟಿಕ್ಕುತ್ತಾರೆ ಎಂದು ನೋಡಿಯೇ ಅವರ ಕಣ್ಣಿನ ನಂಬರು ಹೇಳಿಬಿಡುತ್ತಿದ್ದರು. ಆಮೇಲೆ ಕೂರಿಸಿ ಪರೀಕ್ಷೆ ಮಾಡಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ಬಸ್ಸಿಗೆ ಕಾಯುತ್ತ ನಿಂತವರನ್ನು ಕಂಡರೂ ನಂಬರು ತಾನಾಗಿ ನಾಲಿಗೆಗೆ ಬರುತ್ತಿತ್ತು. "ಇವರೆದುರು ನಿಂತ್ರೆ ಬಟ್ಟೆ ಇಲ್ಲದೆ ನಿಂತ ಹಾಗಾಗುತ್ತೆ" ಎಂದು ಎದುರಿನ ಔಷಧಿ ಅಂಗಡಿಯವರು ತಮಾಷೆ ಮಾಡುತ್ತಿದ್ದರು.

ಅಂಗಡಿ ಕೆಳಗೆ, ಮನೆ ಮೇಲೆ. ಕಲ್ಲು ಹಾಸಿದ ಸಣ್ಣ ಬೀದಿ, ಅದರ ಕೊನೆಗೆ ಸಮುದ್ರದ ಕಡೆಯ ಹಳೆಯ ಕೋಟೆಗೋಡೆ. ಆ ಬೀದಿಯ ಮನೆಗಳೆಲ್ಲ ಯಾವುದೋ ಕಾಲದಲ್ಲಿ ಸುಣ್ಣದ ಗಾರೆಯಲ್ಲಿ ಕಟ್ಟಿದವು. ಸಮುದ್ರದ ಗಾಳಿಗೆ ಎಲ್ಲರ ಗೋಡೆಯಲ್ಲೂ ಉಪ್ಪು ಹೂವಿನ ಹಾಗೆ ಅರಳಿ, ಬಣ್ಣ ಹೊಪ್ಪಳಿಕೆಯೇಳುತ್ತಿತ್ತು. ಗೋಡೆಗೆ ಒರಗಿದವರ ಬೆನ್ನಿನ ಬಿಳಿ ಪುಡಿ ನೋಡಿದರೆ ಅವರು ಈ ಬೀದಿಯವರು ಎಂದು ಗೊತ್ತಾಗುತ್ತಿತ್ತು.

ಆ ವರ್ಷ ಮಾಸ್ತರರ ಅಂಗಡಿಯ ಒಳಗೋಡೆ ಉಪ್ಪಿಗೆ ಸೋತಿತು. ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಕುರ್ಚಿಯಲ್ಲಿ ಕೂತು ಒಂದು ಕಣ್ಣು ಮುಚ್ಚಿಕೊಂಡು, ಎದುರಿನ ಗೋಡೆಯ ಅಕ್ಷರದ ಹಲಗೆಯನ್ನು ಮೇಲಿನಿಂದ ಓದುತ್ತ ಬರುತ್ತಿದ್ದರು. "ಈಗ ಕೊನೆಯ ಸಾಲು ಓದಿ" ಎಂದು ಮಾಸ್ತರು ಹೇಳುವುದಕ್ಕೂ ಮೊಳೆ ಸಮೇತ ಗಾರೆಯ ದೊಡ್ಡ ಹೆಕ್ಕಳೆಯೊಂದು ಕಳಚಿ, ಹಲಗೆ ನೆಲಕ್ಕೆ ಬೀಳುವುದಕ್ಕೂ ಸರಿಹೋಯಿತು. ಆಕೆ ಕಣ್ಣಿನ ಮೇಲಿನ ಕೈ ತೆಗೆಯದೆ, "ಕೊನೆಯ ಸಾಲು ಬಿದ್ದುಹೋಯ್ತಲ್ಲಪ್ಪ, ನನ್ನ ಕಣ್ಣಿಂದಲ್ಲ ತಾನೆ?" ಎಂದು ಕೇಳಿದರು. ಧೂಳೆಲ್ಲ ಕೆಳಗೆ ಕೂರುವವರೆಗೆ ಇಬ್ಬರೂ ನಕ್ಕರು.

ಗೋಡೆ ಕೆರೆದು ಹೊಸದಾಗಿ ಗಾರೆ ಮಾಡಿಸಲೇಬೇಕಾಯಿತು. ಹಳೆಯ ಪೇಟೆಯೊಳಗೆ ಸಿಮೆಂಟು ಬಳಿಯಬಾರದು ಎಂದು ಪುರಸಭೆಯ ಕಟ್ಟಳೆ. ಸಿಮೆಂಟು ಮೆತ್ತುವವರು ಬೀದಿಗೊಬ್ಬರು, ಸುಣ್ಣದ ಗಾರೆ ಬಲ್ಲವರು ಊರಿಗೊಬ್ಬರೂ ಇಲ್ಲ. ಮಾಸ್ತರು ವಿಚಾರಿಸುತ್ತ ಓಡಾಡುವುದನ್ನು ನೋಡಿ ಔಷಧಿ ಅಂಗಡಿಯವರಿಗೆ ಆಶ್ಚರ್ಯವಾಯಿತು.

"ನಿಮ್ಮಣ್ಣ ಅಷ್ಟು ದೊಡ್ಡ ಕಂಟ್ರಾಕ್ಟರು. ಒಂದು ಫೋನ್ ಮಾಡಿದ್ರೆ ನಾಲ್ಕು ಜನ ಓಡಿ ಬರಲ್ವಾ?"

"ಅಣ್ಣ ಇಂಥ ಚಿಲ್ಲರೆ ಕೆಲಸಕ್ಕೆಲ್ಲ ಕೈ ಹಾಕಲ್ಲ" ಎಂದರು ಮಾಸ್ತರು. ಹೇಳಿ ಒಳಗೆ ಹೋಗಿ, ಒರೆಸಿದ್ದ ಗಾಜನ್ನೇ ಮತ್ತೆ ಒರೆಸಿದರು.

ಅಣ್ಣ ಕಂಟ್ರಾಕ್ಟರಲ್ಲ. ಗಾರೆ ಕೆಲಸದವರು. ಅಪ್ಪನೂ ಅದೇ. ಅಪ್ಪ ಸಾರುವೆಯಿಂದ ಬಿದ್ದು ಮಲಗಿದ ಮೇಲೆ ಅಣ್ಣ ಓದು ಬಿಟ್ಟು ಕರಣೆ ಹಿಡಿದರು, ತಮ್ಮನನ್ನು ಮಾತ್ರ ಬಿಡಿಸಲಿಲ್ಲ. ಓದು ಮುಗಿಸಿದ ತಮ್ಮ ಕೆಲಸ ಹುಡುಕಿಕೊಂಡು ಈ ಊರಿಗೆ ಬಂದು ಕನ್ನಡಕದಂಗಡಿಯ ಮೆಟ್ಟಿಲು ಹತ್ತಿದಾಗ, ಅಂಗಡಿಯ ಹಳೆಯ ಯಜಮಾನರು, "ಮನೇಲಿ ಏನು ಮಾಡ್ಕೊಂಡಿದ್ದಾರೆ?" ಎಂದು ಕೇಳಿದ್ದರು. "ಕಟ್ಟಡದ ಕೆಲಸ" ಎಂದಿದ್ದ ಹುಡುಗ. "ಓ, ಕಂಟ್ರಾಕ್ಟರು" ಎಂದು ಯಜಮಾನರು ತಲೆಯಾಡಿಸಿದರು. ಅಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು ಬೇರೆ ಮಾತಿಗೆ ಹೋಗಿಯಾಗಿತ್ತು. ಆಮೇಲೆ ಹೇಳಿದರಾಯಿತು ಅಂದುಕೊಂಡ. ಆ ಆಮೇಲೆ ಬರಲೇ ಇಲ್ಲ. ಯಜಮಾನರು ತಮ್ಮ ತಂಗಿಯ ಮಗಳನ್ನೇ ಅವನಿಗೆ ಕೊಟ್ಟು ಮದುವೆ ಮಾಡಿದರು, ಕಣ್ಣು ಮುಚ್ಚುವಾಗ ಅಂಗಡಿಯನ್ನೂ ಅವನಿಗೇ ಬಿಟ್ಟು ಹೋದರು. ಅಣ್ಣ ಮದುವೆಗೆ ಯಾರದೋ ಕೋಟು ಹಾಕಿಕೊಂಡು ಬಂದಿದ್ದರು. ಸುಣ್ಣ ತಿಂದು ಬಿರುಕುಬಿಟ್ಟ ಅವರ ಬೆರಳುಗಳನ್ನು ನೋಡಿ ತಮ್ಮ ಮೆಲ್ಲಗೆ, "ಅಣ್ಣಾ, ಸ್ವಲ್ಪ ಕೈ ಜೇಬಲ್ಲಿಟ್ಕೊ" ಅಂದಿದ್ದ. ಅಣ್ಣ ಮರುಮಾತಿಲ್ಲದೆ ಇಟ್ಟುಕೊಂಡರು. ಊಟದ ಹೊತ್ತಿಗೆ, ಜ್ವರ ಬಂದ ಹಾಗಿದೆ ಎಂದು ಹೇಳಿ ಹೊರಟುಹೋದರು.

ಆಮೇಲೆ ಆಗೊಮ್ಮೆ ಈಗೊಮ್ಮೆ ಫೋನು. ಅದೂ ಬರಬರುತ್ತ ನಿಂತಿತು. ನಿಂತದ್ದರಿಂದ ಮಾಸ್ತರರಿಗೆ ಬೇಜಾರಿಗಿಂತ ನಿರಾಳವೇ ಹೆಚ್ಚಾಯಿತು. ಆ ನಿರಾಳವನ್ನು ನೆನೆದಾಗ ಮಾತ್ರ ಕಿವಿ ಬಿಸಿಯಾಗುತ್ತಿತ್ತು.

ಕೊನೆಗೆ ಹಡಗುಕಟ್ಟೆಯ ಹತ್ತಿರ ಹಳೆಯ ಸುಂಕದ ಮನೆಯನ್ನು ದುರಸ್ತಿ ಮಾಡುತ್ತಿದ್ದ ಮೇಸ್ತ್ರಿಯೊಬ್ಬರು ಸಿಕ್ಕರು. ಬಾಯಿ ತುಂಬ ಮಾತಿನ ಮನುಷ್ಯ. ಬಂದವರೇ ಗೋಡೆಯನ್ನು ಅಲ್ಲಲ್ಲಿ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, "ಒಳಗೆಲ್ಲ ಟೊಳ್ಳು ಸಾರ್. ಹೊರಗಿಂದ ನೋಡೋಕೆ ಮಾತ್ರ ನೆಟ್ಟಗಿದೆ" ಎಂದರು.

ಮಾಸ್ತರು, "ಹೂಂ" ಎಂದರು.

"ಕೆರೆಯೋಕೆ ಒಂದು ದಿನ, ಆಮೇಲೆ ಪದರ ಪದರ ಕೂರಿಸ್ಕೊಂಡು ಬರ್ಬೇಕು. ಅವಸರ ಮಾಡಂಗಿಲ್ಲ. ಸುಣ್ಣ ಸೋಸೋಕೆ, ಕಲಸೋಕೆ ಆಳು ನಾನೇ ಕರ್ಕೊಂಡು ಬರ್ತೀನಿ, ನೀವು ತಲೆ ಕೆಡಿಸ್ಕೋಬೇಡಿ."

ಹೇಳಿದ ದಿನ ಬೆಳಿಗ್ಗೆ ಮಾಸ್ತರು ಕಪಾಟುಗಳಿಗೆಲ್ಲ ಹಳೆಯ ಬೆಡ್‌ಶೀಟು ಹೊದಿಸಿ, ಬಾಗಿಲಲ್ಲಿ ಔಷಧಿ ಅಂಗಡಿಯವರ ಜೊತೆ ಮಾತಾಡುತ್ತ ನಿಂತಿದ್ದರು. ಬೀದಿಯ ತಿರುವಿನಲ್ಲಿ ಮೇಸ್ತ್ರಿ ಕಂಡರು. ಅವರ ಹಿಂದೆ ಹೆಗಲ ಮೇಲೆ ಸುಣ್ಣದ ಚೀಲ ಹೊತ್ತ ಒಬ್ಬ ಮುದುಕ. ನರೆತ ಗಡ್ಡ, ಮೊಣಕೈವರೆಗೆ ಮಡಚಿದ ಅಂಗಿ. ಅಂಗಡಿಯ ಬೋರ್ಡು ಕಂಡಲ್ಲಿ ಆ ಮುದುಕ ಒಂದು ಕ್ಷಣ ನಿಂತರು. ಆಮೇಲೆ ನಡೆದು ಬಂದರು. ಹತ್ತಿರ ಬಂದಾಗ ಮಾಸ್ತರರಿಗೆ ಗೊತ್ತಾಯಿತು. ಅಣ್ಣ.

ಅಣ್ಣನ ಕಣ್ಣು ತಮ್ಮನ ಮುಖದ ಮೇಲೆ, ಅಲ್ಲಿಂದ ಔಷಧಿ ಅಂಗಡಿಯವರ ಮುಖದ ಮೇಲೆ, ಮತ್ತೆ ನೆಲಕ್ಕೆ ಹೋಯಿತು. ಮಾಸ್ತರರ ಬಾಯಿಂದ ಅಣ್ಣಾ ಎಂಬ ಒಂದೇ ಒಂದು ಪದ ಬಂದಿದ್ದರೆ ಸಾಕಾಗಿತ್ತು. ಪಕ್ಕದಲ್ಲಿ ಔಷಧಿ ಅಂಗಡಿಯವರು, "ಕಸ ಎಲ್ಲ ಎಲ್ಲಿ ಹಾಕಿಸ್ತೀರಿ, ನಮ್ಮ ಕಡೆ ಧೂಳು ಬರದ ಹಾಗೆ ನೋಡ್ಕೊಳ್ಳಿ" ಎನ್ನುತ್ತಿದ್ದರು.

"ಎಲ್ಲಿ ಇಳಿಸ್ಲಿ ಸಾರ್?" ಎಂದು ಕೇಳಿದ್ದು ಅಣ್ಣ.

"ಹಿಂದ್ಗಡೆ ಇಳಿಸಪ್ಪ" ಎಂದರು ಮಾಸ್ತರು.

ಅಣ್ಣನನ್ನು ಅವರು ಚಿಕ್ಕಂದಿನಿಂದ ನೀನು ಎಂದೇ ಕರೆದವರು. ಆ ನೀನು ಬೇರೆ. ಗುರುತಿಲ್ಲದ ಆಳಿಗೆ ಹೇಳುವ ಈ 'ಅಪ್ಪ' ಬೇರೆ. ಬಾಯಿಂದ ಬಿದ್ದ ಮೇಲೆ ಅದು ತಮ್ಮದೇ ಕಿವಿಗೆ ಕೇಳಿಸಿತು. ಅಣ್ಣ ಚೀಲ ಸರಿಪಡಿಸಿಕೊಂಡು, ಮೆಟ್ಟಿಲಿಗೆ ಕಾಲು ತಡವಿ, ಹಿತ್ತಲಿಗೆ ಹೋದರು.

ಅಂದು ಬೆಳಿಗ್ಗೆಯೆಲ್ಲ ಮಾಸ್ತರು ತಮ್ಮದೇ ಅಂಗಡಿಯಲ್ಲಿ ಕಳ್ಳನ ಹಾಗೆ ಓಡಾಡಿದರು. ಮೇಸ್ತ್ರಿ ಗೋಡೆ ಕೆರೆಯುತ್ತಿದ್ದರು. ಹಿತ್ತಲಲ್ಲಿ ಅಣ್ಣ ಕುಕ್ಕರಗಾಲಲ್ಲಿ ಕೂತು ಸುಣ್ಣ ಜರಡಿ ಹಿಡಿಯುತ್ತಿದ್ದರು. ಯಾರೂ ಇಲ್ಲದಾಗ ಹೋಗಿ ಮಾತಾಡಬೇಕು ಎಂದು ಮಾಸ್ತರು ಬಾಗಿಲವರೆಗೆ ಹೋದರು. ಅಷ್ಟರಲ್ಲಿ ಗಿರಾಕಿ ಬಂದರು. ಗಿರಾಕಿ ಹೋದರು. ಮತ್ತೆ ಬಾಗಿಲವರೆಗೆ ಹೋದರು. ಆಗ ಮೇಸ್ತ್ರಿ ಹಿತ್ತಲಿಗೆ ಬಂದು ಬಾಂಡ್ಲಿಯಲ್ಲಿ ಕೈಯಾಡಿಸಿ, ಒಂದು ಹರಳು ಎತ್ತಿ ಹಿಡಿದರು.

"ಏನಯ್ಯಾ ಇದು, ಜರಡಿ ಹಿಡಿದ ಸುಣ್ಣದಲ್ಲಿ ಇಷ್ಟು ದಪ್ಪ ಹರಳಾ? ಗೋಡೆ ಮೇಲೆ ಹೋದ್ರೆ ನಾಳೆ ಸಿಡಿದು ಹಳ್ಳ ಬೀಳುತ್ತೆ. ಕಣ್ಣು ಕಾಣ್ಸಲ್ವಾ?"

ಅಣ್ಣ ಆ ಹರಳನ್ನು ಅಂಗೈಯಲ್ಲಿ ತೆಗೆದುಕೊಂಡು, ತೋಳು ಪೂರ್ತಿ ಚಾಚಿ, ಕತ್ತು ಹಿಂದಕ್ಕೆಳೆದು, ಕಣ್ಣು ಕಿರಿದು ಮಾಡಿ ನೋಡಿದರು. "ಜರಡಿ ಹರಿದಿದೆಯೇನೋ ನೋಡ್ತೀನಿ" ಎಂದರು. ಜರಡಿ ಹರಿದಿರಲಿಲ್ಲ. ಪಕ್ಕದಲ್ಲಿ ಬೇರೆ ಇಟ್ಟಿದ್ದ ಹರಳುಗಳ ಗುಡ್ಡೆಯಿಂದಲೇ ಕೈತಪ್ಪಿ ಒಂದು ಹಿಡಿ ಬಾಂಡ್ಲಿಗೆ ಹೋಗಿತ್ತು, ಅವರಿಗೆ ಕಂಡಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಮಾಸ್ತರರ ತಲೆಯಲ್ಲಿ ನಂಬರು ತಾನಾಗಿ ಬಂತು. ಪ್ಲಸ್ ಎರಡೂವರೆ, ಬಲಗಣ್ಣಿಗೆ ಸ್ವಲ್ಪ ಜಾಸ್ತಿ. ಅದರ ಹಿಂದೆಯೇ ಉಳಿದದ್ದೂ ಅರ್ಥವಾಯಿತು. ಹತ್ತಿರದ್ದು ಕಾಣದ ಗಾರೆಯವನಿಗೆ ಗೋಡೆ ನುಣುಪು ಮಾಡುವ ಕೆಲಸ ಯಾರು ಕೊಡುತ್ತಾರೆ? ಕರಣೆ ಹಿಡಿದ ಕೈ ಜರಡಿಗೆ ಇಳಿದದ್ದು ಹೀಗೆ. ತಾವು ಊರಿನವರಿಗೆಲ್ಲ ಒರೆಸಿ ಮಡಚಿ ಕೊಡುವ ಎರಡು ಗಾಜಿನ ಚೂರಿನಿಂದ ತಪ್ಪಿಸಬಹುದಾಗಿದ್ದ ಕಷ್ಟ. ಮಾಸ್ತರು ಹಿತ್ತಲಿಗೆ ಕಾಲಿಡಲಿಲ್ಲ. ತಿರುಗಿ ಒಳಗೆ ಹೋಗಿ, ಮಧ್ಯಾಹ್ನ ಮೇಲೆ ಹತ್ತಿ, ಕೆಲಸದವರು ಹೋಗುವವರೆಗೆ ತಲೆನೋವೆಂದು ಮಲಗಿದರು.

ಸಂಜೆ ಅಂಗಡಿಯ ಬಾಗಿಲು ಎಳೆಯುವಾಗ ಹೆಂಡತಿ ಕೆಳಗೆ ಬಂದರು. ಪೊರಕೆ ಹಿಡಿದು ಧೂಳು ಗುಡಿಸುತ್ತ ಕೇಳಿದರು.

"ಬೆಳಿಗ್ಗೆ ಚೀಲ ಹೊತ್ಕೊಂಡು ಬಂದಿದ್ದು ಭಾವ ಅಲ್ವಾ?"

"ಯಾವ ಭಾವ?"

"ನನಗಿರೋದು ಒಬ್ಬರೇ ಭಾವ."

ಮಾಸ್ತರು ಬೀಗ ಹಾಕುವುದರಲ್ಲೇ ಮುಳುಗಿದ ಹಾಗೆ ಮಾಡಿದರು. ಹೆಂಡತಿ ಗುಡಿಸುವುದನ್ನು ನಿಲ್ಲಿಸಲಿಲ್ಲ. "ಮದುವೇಲಿ ನೋಡಿದ್ದು ಅಷ್ಟೇ. ಮುಖ ಗುರುತು ಸಿಗ್ತಿರಲಿಲ್ಲ. ಬಗ್ಗಿ ಕೆಲಸ ಮಾಡುವಾಗ ಕತ್ತು ಎಡಕ್ಕೆ ವಾಲಿಸ್ತಾರಲ್ಲ, ನೀವು ಫ್ರೇಮಿಗೆ ಗಾಜು ಕೂರಿಸುವಾಗ ವಾಲಿಸೋ ಹಾಗೇ. ಎರಡು ಸಲ ಟೀ ತಗೊಂಡು ಹೋದೆ. ನೀವು ಹೇಳ್ತೀರಿ ಅಂತ ಕಾದೆ."

"ಹೇಳೋಣ ಅಂತಿದ್ದೆ."

"ನಾನಾದ್ರೂ ಭಾವ ಅನ್ನಬಹುದಿತ್ತು. ಅನ್ನಲಿಲ್ಲ. ಲೋಟ ಕೈಗೆ ಕೊಡದೆ ಕಟ್ಟೆ ಮೇಲಿಟ್ಟು ಬಂದೆ. ನೀವು ಮುಚ್ಚಿಟ್ಟಿದ್ದೀರಿ ಅಂದ್ರೆ ಏನೋ ಕಾರಣ ಇರಬೇಕು ಅಂತ ನಾನೂ ನಿಮ್ಮ ಜೊತೆ ಸೇರ್ಕೊಂಡೆ." ಆಕೆಯ ದನಿ ಅಲ್ಲಿಗೆ ಸಣ್ಣದಾಯಿತು. "ಕಂಟ್ರಾಕ್ಟರು ಅಲ್ಲ ಅಂತ ನನಗೆ ಮೊದಲೇ ಅನುಮಾನ ಇತ್ತು. ಅದಕ್ಕಲ್ಲ ನನಗೆ ಬೇಜಾರು."

ಆಕೆ ಬೈದಿದ್ದರೆ ಮಾಸ್ತರು ಎದುರು ಮಾತಾಡಬಹುದಿತ್ತು.

ಮರುದಿನ ಮೇಸ್ತ್ರಿಯ ಹಿಂದೆ ಬೇರೊಬ್ಬ ಆಳು ಬಂದ. "ಆ ಮುದುಕ ಬರಲ್ಲ ಅಂದ್ಬಿಟ್ಟ ಸಾರ್. ಒಳ್ಳೇ ಮನುಷ್ಯ, ಒಂದು ಕಾಲದಲ್ಲಿ ಒಳ್ಳೇ ಕೆಲಸಗಾರನಂತೆ. ನಾನೇ ಸ್ವಲ್ಪ ಒರಟಾಗಿ ಅಂದೆ, ಅದಕ್ಕೇ ಇರಬೇಕು" ಎಂದು ಮೇಸ್ತ್ರಿ ಪೇಚಾಡಿದರು. ತಮ್ಮ ತಪ್ಪನ್ನು ಇನ್ನೊಬ್ಬರು ಹೊತ್ತುಕೊಳ್ಳುವುದನ್ನು ನೋಡುತ್ತ ನಿಲ್ಲುವುದು ಮಾಸ್ತರರಿಂದಾಗಲಿಲ್ಲ.

"ನಿಮ್ಮ ಮಾತಿಂದಲ್ಲ ಮೇಸ್ತ್ರಿ. ಅವರು ನಮ್ಮಣ್ಣ."

ಮೇಸ್ತ್ರಿ ಕರಣೆ ಕೆಳಗಿಟ್ಟರು. ಮಾತಿನ ಮನುಷ್ಯನಿಗೆ ಮಾತೇ ಹೊರಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಹೊಳೆಯ ಆಚೆ ದಡದಲ್ಲಿ ದೋಣಿ ಕಟ್ಟುವ ಕೊಟ್ಟಿಗೆ ಇದೆ, ಅದರ ಹಿಂದಿನ ಕೋಣೆ ಎಂದು ದಾರಿ ಹೇಳಿದರು. ಮಾಸ್ತರರ ಮುಖವನ್ನು ಮಾತ್ರ ನೋಡಲಿಲ್ಲ.

ಮಾಸ್ತರು ಪರೀಕ್ಷೆಯ ಗಾಜುಗಳ ಪೆಟ್ಟಿಗೆ ಹಿಡಿದುಕೊಂಡು ಹೊಳೆ ದಾಟಿದರು. ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟೌ, ಹಗ್ಗದ ಮೇಲೆ ಒಗೆದು ಹಾಕಿದ ಅಂಗಿ. ಮೂಲೆಯಲ್ಲಿ ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿಟ್ಟ ಕರಣೆಗಳು. ಅಣ್ಣ ಮಂಚದ ಮೇಲೆ ಕೂತು ಅಂಗಿಗೆ ಗುಂಡಿ ಹಾಕಲು ಸೂಜಿಗೆ ದಾರ ಪೋಣಿಸುತ್ತಿದ್ದರು, ಆಗುತ್ತಿರಲಿಲ್ಲ. ತಮ್ಮನನ್ನು ನೋಡಿ ಎದ್ದು ನಿಂತರು. ಇರುವ ಒಂದು ಸ್ಟೂಲನ್ನು ಮುಂದೆ ತಳ್ಳಿದರು.

"ಕೂತ್ಕೋ. ಹೇಗೆ ಸಿಕ್ತು ಜಾಗ?"

"ಮೇಸ್ತ್ರಿ ಹೇಳಿದ್ರು."

"ಓ." ಅಣ್ಣ ಸೂಜಿಯನ್ನು ಅಂಗಿಯ ಅಂಚಿಗೆ ಚುಚ್ಚಿಟ್ಟರು. "ನೆನ್ನೆ ನೀನು ನನ್ನ ಗುರುತು ಹಿಡೀಲಿಲ್ಲ ಅನ್ಕೊಂಡೆ. ಗಡ್ಡ ಬೇರೆ ಬಿಟ್ಟಿದೀನಲ್ಲ. ನಾನೂ ಹೇಳೋಕೆ ಹೋಗಲಿಲ್ಲ, ನಿಂಗೆ ಗಿರಾಕಿಗಳ ಗಲಾಟೆ."

ತಪ್ಪಿಸಿಕೊಳ್ಳಲು ಅಣ್ಣನೇ ಒಂದು ಬಾಗಿಲು ತೆರೆದು ಕೊಟ್ಟಿದ್ದರು. ಹೌದು, ಗುರುತು ಸಿಗಲಿಲ್ಲ ಎಂದುಬಿಟ್ಟರೆ ಇಬ್ಬರೂ ಮಾನ ಉಳಿಸಿಕೊಂಡು ಹೊರಗೆ ಬರಬಹುದಾಗಿತ್ತು. ಮಾಸ್ತರು ತೊಡೆಯ ಮೇಲಿನ ಪೆಟ್ಟಿಗೆಯನ್ನೇ ನೋಡುತ್ತ ಕೂತರು.

"ಗುರುತು ಸಿಕ್ಕಿತ್ತು ಅಣ್ಣ."

ಅಣ್ಣ ಅಂಗಿಯ ಅಂಚಿನ ಸೂಜಿಯನ್ನು ತೆಗೆದು, ಮತ್ತೆ ಅಲ್ಲೇ ಚುಚ್ಚಿದರು. ಹೊರಗೆ ಯಾರೋ ದೋಣಿಯ ಹಲಗೆಗೆ ಕೀಸುಳಿ ಹಾಕುತ್ತಿದ್ದ ಸದ್ದು ಕೇಳುತ್ತಿತ್ತು.

"ಅದು ನಂಗೂ ಗೊತ್ತು" ಎಂದರು ಕೊನೆಗೆ. "ಆದ್ರೆ ನೀನು ಹೇಳಬಾರದಿತ್ತು. ಸಿಗಲಿಲ್ಲವೇನೋ ಅಂತ ಅಷ್ಟಾದ್ರೂ ಅನ್ಕೊಂಡಿರ್ತಿದ್ದೆ."

"ತಪ್ಪಾಯ್ತು ಅಣ್ಣ."

"ಬಿಡು. ಸುಂಕದ ಮನೆ ಕೆಲಸ ಇದೆ ಅಂತ ಈ ಕಡೆ ಬಂದಿದ್ದೆ, ನೆನ್ನೆ ಯಾರ ಮನೆಗೆ ಹೋಗ್ತಿದೀವಿ ಅಂತ ನಂಗೂ ಗೊತ್ತಿರಲಿಲ್ಲ. ತಿರುವಲ್ಲಿ ನಿನ್ನ ಬೋರ್ಡು ಕಾಣ್ತು. ದೂರದ್ದು ಚೆನ್ನಾಗೇ ಕಾಣುತ್ತೆ ನಂಗೆ. ಚೀಲ ಅಲ್ಲೇ ಹಾಕಿ ವಾಪಸ್ ಹೋಗೋಣ ಅನ್ನಿಸ್ತು. ಒಂದ್ಸಲ ಒಳಗೆ ನೋಡೋಣ ಅಂತ ಆಸೆನೂ ಇತ್ತು. ಚೆನ್ನಾಗಿದೆ ಅಂಗಡಿ. ಕನ್ನಡಿ ಎಲ್ಲ ಹಾಕ್ಸಿದೀಯ."

ಇದಕ್ಕಿಂತ ಎರಡು ಏಟು ಹೊಡೆದಿದ್ದರೆ ವಾಸಿಯಿತ್ತು ಎನಿಸಿತು ಮಾಸ್ತರರಿಗೆ. ಪೆಟ್ಟಿಗೆ ತೆರೆದು, ಪರೀಕ್ಷೆಯ ಫ್ರೇಮನ್ನು ಅಣ್ಣನ ಮೂಗಿನ ಮೇಲೆ ಕೂರಿಸಿದರು. ಬೇಡ, ಬೇಡ ಎಂದ ಅಣ್ಣ ಆಮೇಲೆ ಸುಮ್ಮನೆ ಕೂತರು. ಮಾಸ್ತರು ಒಂದೊಂದೇ ಗಾಜು ಹಾಕಿ ತೆಗೆದು ನೋಡಿದರು. ಎರಡೂ ಗಾಜು ಕೂತ ಮೇಲೆ ಅಣ್ಣ ಮೊದಲು ತಮ್ಮದೇ ಅಂಗೈ ನೋಡಿಕೊಂಡರು. ಆಮೇಲೆ ತಲೆಯೆತ್ತಿ ಎದುರಿನ ಮುಖವನ್ನು ಹತ್ತಿರದಿಂದ ನೋಡಿದರು.

"ನಿಂಗೂ ವಯಸ್ಸಾಗಿದೆಯಲ್ಲೋ" ಎಂದರು.

ಮಾಸ್ತರು ಎದ್ದು, ಹೊರಗೆ ಹೋಗಿ, ಮುಖ ಒರೆಸಿಕೊಂಡು ಬಂದರು.

ಕನ್ನಡಕವನ್ನು ಅವರೇ ಕೂತು ಮಾಡಿದರು. ತೆಗೆದುಕೊಂಡು ಹೋಗಿ ಕೊಟ್ಟದ್ದು ಹೆಂಡತಿ. "ನಾನೂ ಹೋಗಬೇಕು, ನನ್ನ ಲೆಕ್ಕವೂ ಇದೆಯಲ್ಲ" ಎಂದು ಒಬ್ಬರೇ ಹೊಳೆ ದಾಟಿದರು. ಅಲ್ಲಿ ಏನು ಮಾತಾಯಿತೋ ಹೇಳಲಿಲ್ಲ. ಬಂದು, "ಮನೆಗೆ ಬನ್ನಿ ಅಂದೆ. ನೋಡೋಣ ಅಂದ್ರು" ಎಂದಷ್ಟೇ ಹೇಳಿದರು.

ಔಷಧಿ ಅಂಗಡಿಯವರಿಗೆ ಹೇಳುವುದು ಇನ್ನೂ ಬಾಕಿ ಇತ್ತು. ಮಾಸ್ತರು ಒಂದು ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ ಬೀದಿ ದಾಟಿದರು. ಇಷ್ಟು ವರ್ಷ ಇವರ ಎದುರು ಕಾಪಾಡಿಕೊಂಡ ಮಾತು, ಇವತ್ತು ತಾವೇ ಕೈಯಾರೆ ಒಡೆಯಬೇಕು. ಅವರು ನಗಬಹುದು, ಬೀದಿಗೆಲ್ಲ ಹೇಳಬಹುದು.

"ನಮ್ಮಣ್ಣ ಕಂಟ್ರಾಕ್ಟರಲ್ಲ. ಗಾರೆ ಕೆಲಸದವರು. ಅವತ್ತು ಸುಣ್ಣದ ಚೀಲ ಹೊತ್ಕೊಂಡು ಬಂದಿದ್ರಲ್ಲ, ಅವರೇ."

ಔಷಧಿ ಅಂಗಡಿಯವರು ಮಾತ್ರೆಯ ಡಬ್ಬಿಗಳನ್ನು ಜೋಡಿಸುತ್ತಲೇ, "ಹೌದಾ?" ಎಂದರು. ಆಮೇಲೆ ತಿರುಗಿ, "ಸುಣ್ಣದ ಕೆಲಸ ಬರುತ್ತಾ ಅವರಿಗೆ? ನಮ್ಮ ಹಿಂದಿನ ಗೋಡೇನೂ ಉದುರ್ತಾ ಇದೆ. ಒಂದ್ಸಲ ನೋಡೋಕೆ ಹೇಳ್ತೀರಾ?" ಎಂದು ಕೇಳಿದರು.

ಅಷ್ಟೇ. ಅವರಿಗೆ ಕಂಟ್ರಾಕ್ಟರೂ ಒಂದೇ, ಗಾರೆಯವರೂ ಒಂದೇ. ಮಾಸ್ತರು ತಮ್ಮ ಅಂಗಡಿಗೆ ವಾಪಸಾಗಿ ಕುರ್ಚಿಯ ಮೇಲೆ ಕುಸಿದು ಕೂತರು. ಯಾರೂ ಕೇಳದ, ಯಾರಿಗೂ ಬೇಡದ ಒಂದು ದೊಡ್ಡಸ್ತಿಕೆಗಾಗಿ ಅಣ್ಣನನ್ನು ಇಷ್ಟು ವರ್ಷ ಹೊರಗೆ ನಿಲ್ಲಿಸಿದ್ದೆ ಎಂಬುದು ಚುಚ್ಚಿತು. ಊರೆಲ್ಲ ನಕ್ಕಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಅಣ್ಣ ಬಂದರು. ಮೇಸ್ತ್ರಿಯ ಜೊತೆಗೇ, ಆದರೆ ಈ ಸಲ ತಮ್ಮದೇ ಕರಣೆ ಹಿಡಿದು, ಕನ್ನಡಕಕ್ಕೆ ಕಿವಿಯ ಹಿಂದೆ ದಾರ ಕಟ್ಟಿಕೊಂಡು. ಔಷಧಿ ಅಂಗಡಿಯ ಹಿತ್ತಲ ಗೋಡೆಯ ಕೊನೆಯ ಪದರವನ್ನು ಅವರೇ ತೀಡಿದರು. ಮಾಸ್ತರು ನಿಮಿಷಕ್ಕೊಮ್ಮೆ ಬೀದಿ ದಾಟುತ್ತಿದ್ದರು. ಔಷಧಿ ಕೊಳ್ಳಲು ಬಂದವರನ್ನೆಲ್ಲ ಹಿತ್ತಲಿಗೆ ಕರೆದು, "ಇವರು ನಮ್ಮಣ್ಣ" ಎಂದು ತೋರಿಸುತ್ತಿದ್ದರು. ಕೆಮ್ಮಿನ ಔಷಧಿಗೆ ಬಂದ ಒಬ್ಬರು ಏನು ಹೇಳಬೇಕೋ ತಿಳಿಯದೆ ಗೋಡೆಗೇ ನಮಸ್ಕಾರ ಮಾಡಿ ಹೋದರು.

"ಸಾಕು ಮಾಡೋ" ಎಂದರು ಅಣ್ಣ, ಗೋಡೆಯಿಂದ ಕಣ್ಣು ತೆಗೆಯದೆ. "ಊರಿಗೆಲ್ಲ ಡಂಗುರ ಹೊಡೀಬೇಡ. ನಂಗೆ ಕೆಲಸ ಮಾಡೋಕೆ ಬಿಡು."

ಮಾಸ್ತರು ಪೆಚ್ಚಾಗಿ ನಿಂತರು.

ಊಟದ ಹೊತ್ತಿಗೆ ಮನೆಗೆ ಬಾ ಎಂದು ಕರೆದರೆ, ಕೆಲಸದ ಬಟ್ಟೆಯಲ್ಲಿ ಬರುವುದಿಲ್ಲ ಎಂದು ಅಣ್ಣ ಒಪ್ಪಲಿಲ್ಲ. ಹೆಂಡತಿ ವಾದಕ್ಕೆ ನಿಲ್ಲಲಿಲ್ಲ. ಪಾತ್ರೆಗಳನ್ನೇ ಬೀದಿ ದಾಟಿಸಿ ಔಷಧಿ ಅಂಗಡಿಯ ಹಿತ್ತಲಿಗೆ ತಂದರು. ಮೇಸ್ತ್ರಿಗೆ, ಭಾವನಿಗೆ ಬಡಿಸಿ, ತಾವೂ ಒಂದು ಬಾಂಡ್ಲಿ ಬೋರಲು ಹಾಕಿ ಅದರ ಮೇಲೆ ತಟ್ಟೆ ಹಿಡಿದು ಕೂತರು. ಮೇಸ್ತ್ರಿಗೆ ಮಾತು ವಾಪಸ್ ಬಂದಿತ್ತು, ಸುಂಕದ ಮನೆಯ ಸೂರಿನಲ್ಲಿ ಸಿಕ್ಕ ಗೂಬೆಯ ಕಥೆ ಹೇಳುತ್ತಿದ್ದರು. ಮಾಸ್ತರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ತಟ್ಟೆ ಹಿಡಿದು, ಎಲ್ಲಿ ಕೂರುವುದೆಂದು ತಿಳಿಯದೆ ನಿಂತೇ ಇದ್ದರು.

"ಇಲ್ಲಿ ಬಾ" ಎಂದು ಅಣ್ಣ ತಾವು ಕೂತಿದ್ದ ಕಟ್ಟೆಯ ಮೇಲೆ ಪಕ್ಕಕ್ಕೆ ಸರಿದರು. "ಪ್ಯಾಂಟಿಗೆ ಸುಣ್ಣ ಹತ್ತುತ್ತೆ, ತಾಳು."

"ಹತ್ತಲಿ ಬಿಡು ಅಣ್ಣ."

ಅಷ್ಟರಲ್ಲಿ ಅಣ್ಣ ಹೆಗಲ ಮೇಲಿನ ಟವೆಲು ತೆಗೆದು ಆ ಜಾಗವನ್ನು ಒರೆಸಿಯಾಗಿತ್ತು. ಮಾಸ್ತರು ಕೂತರು. ತುತ್ತು ಬಾಯಿಗೆ ಹೋಗಲು ತುಸು ಹೊತ್ತು ಹಿಡಿಯಿತು.